ಬಚ್ಚಲೊಲೆಯ ಮುಂದಿನ ಮಣೆ

ಆ ಭಾನುವಾರ ಬೆಳಿಗ್ಗೆ ನಮ್ಮ ಬಚ್ಚಲ ಮುಂದಿನ ಅಂಗಳದಲ್ಲಿ ಐದು ಜನ ಇದ್ದೆವು. ಹಂಡೆಯ ಒಲೆಯ ಮುಂದೆ ತನ್ನ ಮಣೆಯ ಮೇಲೆ ಅವ್ವ. ಸೆರಗಿನಿಂದ ಮೂಗು ಮುಚ್ಚಿಕೊಂಡು ಬಾಗಿಲಲ್ಲಿ ನನ್ನ ಹೆಂಡತಿ ಶಾರದಾ. ಸಿರುಗುಪ್ಪದಿಂದ ತಂದ ಕಬ್ಬಿಣದ ಯಂತ್ರವೊಂದರ ಮೇಲೆ ಕೈಯಿಟ್ಟುಕೊಂಡು, ಫೋಟೋ ತೆಗೆಸಿಕೊಳ್ಳುವ ಮದುಮಗನ ಹಾಗೆ ನಿಂತ ಅವಳ ತಮ್ಮ ಪಂಪಾಪತಿ. ಮನೆಯಲ್ಲಿ ಲೋಬಾನ ಹಾಕಲು ನಾಲ್ಕು ಕೆಂಡ ಒಯ್ಯೋಣವೆಂದು ಮಣ್ಣಿನ ತಟ್ಟೆ ಹಿಡಿದು ಬಂದ ಪಕ್ಕದ ಮನೆಯ ಫಾತಿಮಾ ಬೀ. ಐದನೆಯವನು ನಾನು. ನಾನು ಯಾವ ಸ್ಥಿತಿಯಲ್ಲಿದ್ದೆ ಎಂಬುದನ್ನೂ ಮುಚ್ಚಿಡದೆ ಹೇಳಿಬಿಡುತ್ತೇನೆ. ಸೊಂಟಕ್ಕೊಂದು ಟವೆಲು, ನೆತ್ತಿಯ ಮೇಲೆ ಒಂದು ಬಟ್ಟಲು ಹರಳೆಣ್ಣೆ. ಆ ಎಣ್ಣೆ ಹಣೆಯಿಂದ ಹುಬ್ಬಿಗೆ, ಹುಬ್ಬಿನಿಂದ ಕಣ್ಣಿಗೆ ಇಳಿಯುವ ದಾರಿಯಲ್ಲಿತ್ತು. ಸಂಸಾರಸ್ಥನಾದವನು ಯಾವ ಮುಖ್ಯ ನಿರ್ಧಾರವನ್ನೂ ಈ ವೇಷದಲ್ಲಿ ತೆಗೆದುಕೊಳ್ಳಬಾರದು. ಆದರೆ ಪಂಪಾಪತಿ ಕೇಳಿಯೇಬಿಟ್ಟ: “ಮಾಮ, ನೀವು ಒಂದು ಮಾತು ಹೇಳಿಬಿಡ್ರಿ. ಕಟಗಿ ಒಲಿ ಇರಬೇಕೋ, ಗುಳಿಗಿ ಒಲಿ ಬರಬೇಕೋ?”

ಬಳ್ಳಾರಿಯವರು ನೀರು ಬಿಸಿ ಮಾಡಿಕೊಳ್ಳುವ ವಿಷಯಕ್ಕೆ ಮನೆಯಲ್ಲಿ ಎರಡು ಪಕ್ಷವಾದರು ಎಂದರೆ ಹೊರಗಿನವರಿಗೆ ನಗು ಬರುವುದು ಸಹಜ. ನಮ್ಮ ದೂರದ ನೆಂಟರೊಬ್ಬರು ಪ್ರತಿ ಸಲ ಬಂದಾಗಲೂ, “ನಿಮ್ಮೂರಲ್ಲಿ ನೀರು ಬೇರೆ ಕಾಯಿಸ್ತೀರಾ? ಬಕೆಟ್ಟನ್ನ ಅಂಗಳದಲ್ಲಿಟ್ಟು ‘ಬಿಸಿಯಾಗು’ ಅಂದರೆ ಸಾಲದಾ?” ಎಂದು ಹಾಸ್ಯ ಮಾಡುತ್ತಾರೆ. ಅವರಿಗೆ ನಮ್ಮ ಪುಷ್ಯಮಾಸದ ಬೆಳಗಿನ ಚಳಿ ಗೊತ್ತಿಲ್ಲ. ಅದಕ್ಕಿಂತ ಹೆಚ್ಚಾಗಿ ಆ ವರ್ಷಗಳ ಕೆಂಪು ಧೂಳು ಗೊತ್ತಿಲ್ಲ. ಅದಿರಿನ ಲಾರಿಗಳು ಹಗಲೆಲ್ಲ ಓಡಾಡುತ್ತಿದ್ದ ಕಾಲ ಅದು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಮಾಸ್ತರ. ಬೆಳಿಗ್ಗೆ ಬಿಳಿ ಅಂಗಿ ಹಾಕಿಕೊಂಡು ಸ್ಕೂಟರ್ ಹತ್ತಿದವನು ಸಂಜೆ ಗಾಂಧಿನಗರದ ಮನೆಗೆ ಮರಳುವಾಗ ಹಲ್ಲುಪುಡಿ ಡಬ್ಬಿಯೊಳಗೆ ಬಿದ್ದೆದ್ದವನಂತೆ ಕಾಣುತ್ತಿದ್ದೆ. ಒಮ್ಮೆ ನಮ್ಮ ಓಣಿಯ ನಾಯಿಯೇ ನನ್ನನ್ನು ಗುರುತು ಹಿಡಿಯದೆ ಬೊಗಳಿತು. “ಈ ಧೂಳಿಗೆ ತಣ್ಣೀರು ಹಾಕಿದರ ಅಲ್ಲೇ ಸಾರಿಸಿದಂಗ ಕೂತುಬಿಡ್ತತಿ. ಸುಡುಸುಡು ನೀರು ಬಿದ್ದರ ಮಾತ್ರ ಮನಿ ಬಿಡ್ತತಿ” ಎಂಬುದು ಅವ್ವನ ಸಿದ್ಧಾಂತ. ವಿಜ್ಞಾನದ ಮಾಸ್ತರನಾಗಿ ನಾನು ಇದನ್ನು ಪರೀಕ್ಷಿಸಲು ಹೋಗಲಿಲ್ಲ. ನಮ್ಮವ್ವ ಹಂಪಮ್ಮ ಕುರುಗೋಡಿನವಳು. ಅಲ್ಲಿಯ ಬಂಡೆಗಳ ಜೊತೆ ವಾದ ಮಾಡಿ ಗೆದ್ದವರಿದ್ದರೆ ಅವ್ವನ ಜೊತೆಗೂ ಗೆಲ್ಲಬಹುದು.

ಇನ್ನು ಅವ್ವನ ಮಣೆಯ ವಿಷಯ. ಅದು ನಾಲ್ಕು ಬೆರಳು ಎತ್ತರದ, ಒಂದು ಮೂಲೆ ಸುಟ್ಟ, ಹಳೆಯ ಹಲಸಿನ ಮಣೆ. ನಸುಕು ಹರಿಯುತ್ತಿದ್ದಂತೆ ಅವ್ವ ಅದನ್ನು ಒಲೆಯ ಮುಂದೆ ಎಳೆದುಕೊಂಡು ಕೂತಳೆಂದರೆ ನಮ್ಮ ಮನೆಯ ದರ್ಬಾರು ಶುರುವಾಯಿತೆಂದು ಅರ್ಥ. ಬಳ್ಳಾರಿ ಜಾಲಿಯ ಕಟ್ಟಿಗೆ ಒಂದೊಂದೇ ಒಳಗೆ ಸರಿಯುತ್ತಿತ್ತು. ನಮ್ಮೂರಿನ ಹೆಸರು ಹೊತ್ತ ಏಕೈಕ ಮರ ಅದು. ಮುಳ್ಳಿನದಾದರೇನು, ನಮಗೆ ಅಭಿಮಾನ. ಸ್ನಾನಕ್ಕೆ ಬಂದವರು ಒಲೆಯ ಪಕ್ಕದ ಕಲ್ಲಿನ ಮೇಲೆ ಕೂತು ಸರದಿ ಕಾಯಬೇಕು. ಕಾಯುವಾಗ ಸುಮ್ಮನೆ ಕೂರುವ ಹಾಗಿಲ್ಲ. “ಏನಲೇ, ನಿನ್ನೆ ಏನಾತು?” ಎಂದು ಅವ್ವ ಕೇಳುತ್ತಾಳೆ. ಸುದ್ದಿ ಕೊಟ್ಟವನಿಗೆ ಬಿಸಿನೀರು. ಸುದ್ದಿ ಸಪ್ಪೆಯಾಗಿದ್ದರೆ ನೀರೂ ಉಗುರುಬೆಚ್ಚಗೆ. ಕೆಂಡ ಒಯ್ಯಲು ಬರುವ ಫಾತಿಮಾ ಬೀ ಆಚೆ ಓಣಿಯ ಸುದ್ದಿ ತರುತ್ತಿದ್ದಳು. ಹೀಗೆ ಮನೆಯ ಹೊಸ್ತಿಲು ದಾಟದೆ ಬಳ್ಳಾರಿಯಲ್ಲಿ ಯಾರು ಲಾರಿ ಕೊಂಡರು, ಯಾರು ಮೂರು ಅಂತಸ್ತು ಎಬ್ಬಿಸಿದರು, ಯಾರ ಮನೆಯಲ್ಲಿ ಮಾತು ನಿಂತಿದೆ ಎಂಬುದೆಲ್ಲ ಎಂಟು ಗಂಟೆಯೊಳಗೆ ಅವ್ವನ ಕೈಸೇರುತ್ತಿತ್ತು. ನೀರು ಕಾದ ಮೇಲೆ ಉಳಿದ ಕೆಂಡದಲ್ಲಿ ಒಂದು ಬದನೆಕಾಯಿ ಸುಟ್ಟು, ರೊಟ್ಟಿಗೆ ಚಟ್ನಿ ಮಾಡಿಕೊಡುತ್ತಿದ್ದಳು. ಆ ಮಣೆ ಹೋದರೆ ಅವ್ವನಿಗೆ ಮನೆಯಲ್ಲಿ ಕೂರಲು ಬೇರೆ ಜಾಗವಿಲ್ಲವೆಂದಲ್ಲ, ಸೋಫಾ ಇತ್ತು. ಆದರೆ ಸೋಫಾದ ಮೇಲೆ ಕೂತವರ ಮುಂದೆ ಯಾರೂ ಟವೆಲು ಸುತ್ತಿಕೊಂಡು ಬಂದು ಮನಸ್ಸು ಬಿಚ್ಚುವುದಿಲ್ಲ.

ಶಾರದಾಳ ಕಡೆಯೂ ನ್ಯಾಯವಿತ್ತು. ಹೊಗೆಯೆಲ್ಲ ನೇರವಾಗಿ ಅಡಿಗೆಮನೆಗೆ ಬರುತ್ತಿತ್ತು. ಗೋಡೆ ಕಪ್ಪು, ಒಣಹಾಕಿದ ಸೀರೆ ಕಪ್ಪು, ಬೆಳಗಾದರೆ ಅವಳ ಕಣ್ಣು ಕೆಂಪು. “ಹೊರಗ ಕೆಂಪು, ಒಳಗ ಕಪ್ಪು. ನಮ್ಮ ಮನಿಯಾಗ ಬಿಳಿ ಅನ್ನೂದು ನಿಮ್ಮ ತಲಿಕೂದಲದಾಗ ಮಾತ್ರ ಉಳದೈತಿ ನೋಡ್ರಿ” ಎಂದು ಅವಳು ಒಮ್ಮೆ ಹೇಳಿದ್ದಳು. ಅದರಲ್ಲಿ ಅನವಶ್ಯಕವಾಗಿದ್ದ ಭಾಗವನ್ನು ಬಿಟ್ಟರೆ ಉಳಿದದ್ದು ಸತ್ಯ. ಅತ್ತೆ ಸೊಸೆ ಜಗಳ ಎಂದು ಮಾತ್ರ ತಿಳಿಯಬೇಡಿ. ಅವರಿಬ್ಬರೂ ಒಂದೇ ತಟ್ಟೆಯಲ್ಲಿ ಮಂಡಕ್ಕಿ ತಿನ್ನುವವರು; ನನ್ನನ್ನು ಗೇಲಿ ಮಾಡುವಾಗಲಂತೂ ಒಂದೇ ಬಾಯಿ. ಹೊಗೆಯ ವಿಷಯದಲ್ಲಿ ಮಾತ್ರ ಒಬ್ಬಳು ಕುರುಗೋಡು, ಇನ್ನೊಬ್ಬಳು ಸಿರುಗುಪ್ಪ.

ಸಿರುಗುಪ್ಪ ಎಂದರೆ ಭತ್ತ, ಭತ್ತ ಎಂದರೆ ಹೊಟ್ಟು. ಅಲ್ಲಿಯ ಅಕ್ಕಿ ಗಿರಣಿಗಳ ಹಿಂದೆ ಹೊಟ್ಟಿನ ಗುಡ್ಡಗಳಿರುತ್ತವೆ. ಪಂಪಾಪತಿ ಸಣ್ಣವನಿದ್ದಾಗಿನಿಂದ ಆ ಗುಡ್ಡಗಳನ್ನು ನೋಡಿ ಬೆಳೆದವನು. ಆ ವರ್ಷಗಳಲ್ಲಿ ಅವನ ಗೆಳೆಯರೆಲ್ಲ, ತೆಕ್ಕಲಕೋಟೆಯವನೊಬ್ಬ ರಾರಾವಿಯವನೊಬ್ಬ ಎನ್ನದೆ, ಒಬ್ಬರಾದ ಮೇಲೊಬ್ಬರು ಲಾರಿ ಕೊಂಡರು. ಇವನೊಬ್ಬ ಮಾತ್ರ, “ಎಲ್ಲಾರೂ ಭೂಮಿ ಅಗದು ಒಯ್ಯಾಕ ನಿಂತಾರ ಮಾಮ. ನಾ ಲಾರಿ ಮುಟ್ಟಂಗಿಲ್ಲ. ಮ್ಯಾಲ ಬಿದ್ದಿದ್ದನ್ನ ಆರಿಸಿಕೊಂಡು ತಿಂತೀನಿ” ಎಂದು ಹಟ ಹಿಡಿದ. ಹೊಟ್ಟನ್ನು ಯಂತ್ರದಲ್ಲಿ ಒತ್ತಿ ಬೆರಳುದ್ದದ ಗುಳಿಗೆ ಮಾಡಿಸಿದ. ಅದನ್ನು ಉರಿಸುವ ಒಲೆಯನ್ನೂ ಎಲ್ಲಿಂದಲೋ ತರಿಸಿದ. ಮೇಲೆ ಗುಳಿಗೆ ಸುರಿಯುವ ಡಬ್ಬಿ, ಕೆಳಗೆ ಕರೆಂಟಿನ ಪುಟ್ಟ ಫ್ಯಾನು, ಪಕ್ಕದಲ್ಲಿ ನಲ್ಲಿಯಿರುವ ಡ್ರಮ್ಮು. ಗುಳಿಗೆ ತಾನಾಗಿ ಇಳಿಯುತ್ತದೆ, ತಾನಾಗಿ ಉರಿಯುತ್ತದೆ, ಹೊಗೆಯಿಲ್ಲ, ಯಾರೂ ಮುಂದೆ ಕೂರಬೇಕಿಲ್ಲ. ಈ ಕೊನೆಯ ಗುಣವನ್ನು ಅವನು ಬಹಳ ಹೆಮ್ಮೆಯಿಂದ ಹೇಳುತ್ತಿದ್ದ. ಅದೇ ನಮ್ಮ ಮನೆಯಲ್ಲಿ ಅವನ ಒಲೆಯ ದೊಡ್ಡ ದೋಷವೆಂದು ಅವನಿಗೆ ತಿಳಿಯದು.

ಈಗ ನನ್ನ ತಪ್ಪೊಪ್ಪಿಗೆ. ಆ ಒಲೆ ನಮ್ಮ ಮನೆಗೆ ಬರಲು ನಾನೇ ಕಾರಣ. ಸಿರುಗುಪ್ಪದಲ್ಲಿ ಒಂದು ಮದುವೆ ಊಟದ ಪಂಕ್ತಿಯಲ್ಲಿ ಪಂಪಾಪತಿ ಎರಡನೆಯ ಸಲ ಹೋಳಿಗೆ ಬಡಿಸುತ್ತ ಒಲೆಯ ವಿಷಯ ತೆಗೆದ. ಬಾಯಿ ತುಂಬಿದ್ದ ನಾನು ತಲೆಯಾಡಿಸಿದೆ. ಅದನ್ನು ಅವನು ಒಪ್ಪಿಗೆ ಎಂದು ತಿಳಿದ. ಅದೇ ವಾರ ಅವ್ವ, “ಕುರುಗೋಡಿಂದ ಜಾಲಿ ಕಟಗಿ ತರಸೋಣೇನು?” ಎಂದಾಗಲೂ ತಲೆಯಾಡಿಸಿದೆ. ಆಗ ಬಾಯಲ್ಲಿ ಏನೂ ಇರಲಿಲ್ಲ ಎಂಬುದೊಂದೇ ವ್ಯತ್ಯಾಸ. ಹೀಗಾಗಿ ಆ ಭಾನುವಾರ ಅಂಗಳದ ಒಂದು ಬದಿಗೆ ವರ್ಷಕ್ಕಾಗುವಷ್ಟು ಕಟ್ಟಿಗೆ, ಇನ್ನೊಂದು ಬದಿಗೆ ಹೊಳೆಯುವ ಒಲೆ, ನಡುವೆ ಎಣ್ಣೆ ಸುರಿಸಿಕೊಂಡ ನಾನು. ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ಅಂಥ ಹೊತ್ತಿನಲ್ಲಿ ವಿಜ್ಞಾನ ನನ್ನ ಕೈಬಿಡಲಿಲ್ಲ. “ಪ್ರಯೋಗ ಮಾಡಿ ನೋಡೋಣ. ಹದಿನೈದು ದಿನ ಗುಳಿಗಿ ಒಲಿ ಹಚ್ಚೋಣ. ಆಮ್ಯಾಲ ನಿರ್ಧಾರ” ಎಂದೆ.

“ಹದಿನೈದು ದಿನ ಯಾಕ? ತನ್ನ ಲಗ್ನಕ್ಕೂ ಇವ ಹಿಂಗ ಮಾಡಿದ್ದ, ನೋಡೋಣ ನೋಡೋಣ ಅಂತ” ಎಂದು ಅವ್ವ ಫಾತಿಮಾ ಬೀಗೆ ಹೇಳಿದಳು. ನನ್ನ ಹೆಂಡತಿ ಈ ವಿಷಯ ಮೊದಲ ಸಲ ಕೇಳಿದವಳಂತೆ ನನ್ನ ಕಡೆ ತಿರುಗಿದಳು. ನಾನು ಬಚ್ಚಲಿಗೆ ಹೋಗಿ ಕದ ಹಾಕಿಕೊಂಡೆ.

ಪ್ರಯೋಗ ಶುರುವಾಯಿತು. ಪಂಪಾಪತಿ ಒಂದು ಪ್ಲಾಸ್ಟಿಕ್ ಚೀಲ ಗುಳಿಗೆ ಇಳಿಸಿ, “ಹದಿನೈದನೇ ದಿನಕ್ಕ ನಾ ಬರ್ತೀನಿ. ಲಾಡ್ಜಿನ ಮಾಲಕರು ವೆಂಕಟೇಶುಲು ಅವರನ್ನ ಕರಕೊಂಡು ಬರ್ತೀನಿ. ಅವರು ಒಪ್ಪಿದರ ನನ್ನ ಬದುಕು ನೆಲಿ ನಿಂತಂಗ” ಎಂದು ಹೇಳಿ ಹೋದ. ಆಗ ಬಳ್ಳಾರಿಯ ಲಾಡ್ಜುಗಳಲ್ಲಿ ಅದಿರು ಕೊಳ್ಳಲು ಬಂದ ಪರವೂರಿನವರೇ ತುಂಬಿಕೊಂಡಿದ್ದರು. ಅವರೆಲ್ಲ ಸಂಜೆ ಕೆಂಪಾಗಿ ಬಂದು ಒಟ್ಟಿಗೆ ಬಿಸಿನೀರು ಕೇಳುವವರು. ವೆಂಕಟೇಶುಲು ಅವರಿಗೆ ಆ ಕೂಗಾಟ ಸಾಕಾಗಿತ್ತು. ನಮ್ಮ ಮನೆಯಲ್ಲಿ ಒಲೆ ಕೆಲಸ ಮಾಡುವುದನ್ನು ಕಣ್ಣಾರೆ ನೋಡಿ, ಮೈಯಾರೆ ಸ್ನಾನ ಮಾಡಿಯೇ ನಿರ್ಧರಿಸುತ್ತೇನೆ ಎಂದಿದ್ದರಂತೆ.

ಒಲೆ ಚೆನ್ನಾಗಿಯೇ ಉರಿಯಿತು, ಕರೆಂಟು ಇದ್ದಾಗ. ಮೂರನೆಯ ದಿನ ನಾನು ಮೈತುಂಬ ಸೋಪು ಹಚ್ಚಿಕೊಂಡಾಗ ಕರೆಂಟು ಹೋಗಿ ಫ್ಯಾನು ನಿಂತಿತು. ಒಲೆ ಒಮ್ಮೆ ನಿಟ್ಟುಸಿರುಬಿಟ್ಟು ತಣ್ಣಗಾಯಿತು. ಆದರೂ ಶಾರದಾಳ ಕಣ್ಣು ತಿಳಿಯಾಯಿತು, ಸೀರೆ ಸೀರೆಯ ಬಣ್ಣಕ್ಕೆ ಬಂತು. ಅವಳು ಅಡಿಗೆಮನೆಯಲ್ಲಿ ಹಾಡಿಕೊಳ್ಳುವುದನ್ನು ಎಷ್ಟೋ ವರ್ಷದ ಮೇಲೆ ಕೇಳಿದೆ. ತೊಂದರೆಯಾದದ್ದು ಬೇರೆ ಕಡೆ. ಅವ್ವ ಎಂದಿನಂತೆ ನಸುಕಿನಲ್ಲಿ ಎದ್ದು ಮಣೆ ಎಳೆದುಕೊಂಡು, ಉರಿಯದ ತನ್ನ ಮಣ್ಣಿನ ಒಲೆಯ ಮುಂದೆ ಕೂತಳು. ಹೊಸ ಒಲೆಗೆ ಬೆನ್ನು. ಹದಿನೈದು ದಿನ ಒಮ್ಮೆಯೂ ಆ ಕಡೆ ತಿರುಗಲಿಲ್ಲ. “ಏನಲೇ” ಎಂದು ಕೇಳಲೂ ಇಲ್ಲ. ಕಾಯುವ ಕೆಲಸವಿಲ್ಲದ್ದರಿಂದ ನಾವೂ ನಲ್ಲಿ ತಿರುವಿ, ನೀರು ತುಂಬಿಕೊಂಡು, ಸ್ನಾನ ಮುಗಿಸಿ ಹೋಗುತ್ತಿದ್ದೆವು. ಕೆಂಡವಿಲ್ಲವೆಂದು ಫಾತಿಮಾ ಬೀ ಬರುವುದು ನಿಂತಿತು. ಬದನೆಕಾಯಿ ಬುಟ್ಟಿಯಲ್ಲೇ ಬಾಡಿತು. ಎಂಟನೆಯ ದಿನ ಎದುರುಮನೆಯಲ್ಲಿ ಶಾಮಿಯಾನ ಎದ್ದಿತು. ಅವರ ಮೊಮ್ಮಗನಿಗೆ ನಾಮಕರಣ. ನಮಗೆ ಗೊತ್ತೇ ಇಲ್ಲ. ಕೇಳಿದರೆ, “ಅಯ್ಯ, ಹಂಪಮ್ಮಾರಿಗೆ ಹೇಳದ ಸುದ್ದಿ ಓಣಿಯಾಗ ಇರತತೇನು, ತಿಳಿದಿರತತಿ ಅಂದ್ಕೊಂಡಿವಿ” ಎಂದರು. ನಾನೂ ಶಾರದಾಳೂ ಅವಸರದಲ್ಲಿ ಪೇಟೆಗೆ ಹೋಗಿ ತಂದ ಮಗುವಿನ ಅಂಗಿ ಅದರ ಅಣ್ಣನಿಗೂ ದೊಡ್ಡದಾಯಿತು.

ಅವ್ವ ಜಗಳವಾಡಿದ್ದರೆ ಸುಲಭವಿತ್ತು. ಅವಳು ಸುಮ್ಮನೆ ಕೂತಳು. ಒಂದು ದಿನ ಶಾಲೆಗೆ ಹೊರಡುವಾಗ ನೋಡುತ್ತೇನೆ, ಒಂದು ಜಾಲಿ ಕಟ್ಟಿಗೆಯನ್ನು ಕೈಯಲ್ಲಿ ಹಿಡಿದುಕೊಂಡು, ಬೂದಿಯಲ್ಲಿ ಗೆರೆ ಎಳೆಯುತ್ತಿದ್ದಾಳೆ. “ಅವ್ವಾ, ಒಳಗ ಬಂದು ಟಿವಿ ನೋಡಬಾರದ?” ಎಂದೆ. “ಅದು ತಾನಾ ಮಾತಾಡ್ತತಿ. ನಾ ಕೇಳಿದ್ದಕ್ಕ ಹೇಳಂಗಿಲ್ಲ” ಎಂದಳು. ಆ ದಿನ ತರಗತಿಯಲ್ಲಿ ಉಷ್ಣಪ್ರಸಾರದ ಪಾಠವಿತ್ತು. ಯಾಕೋ ಸರಿಯಾಗಿ ಮಾಡಲಾಗಲಿಲ್ಲ.

ಹದಿನೈದನೆಯ ದಿನ ಬಂತು. ಪಂಪಾಪತಿ ಬೆಳಗಿನ ಬಸ್ಸಿಗೇ ಬಂದ. ಮೊದಲ ಚೀಲ ಮುಗಿದಿತ್ತು. ಎರಡನೆಯದನ್ನು ಹಿಂದಿನ ದಿನ ಮಧ್ಯಾಹ್ನವೇ ಅವನು ಸಿರುಗುಪ್ಪದ ವ್ಯಾನಿನಲ್ಲಿ ಕಳಿಸಿದ್ದ. ಡಬ್ಬಿ ತುಂಬಿಸಲು ಹೋದವನು ಬರಿಗೈಯಲ್ಲಿ ತಿರುಗಿ ಬಂದ. “ಅತ್ತಿ, ನಿನ್ನೆ ಒಂದು ಚೀಲ ಬಂದಿತ್ತಲ್ಲ?”

“ಯಾವ ಚೀಲ? ಎಮ್ಮಿ ಚೀಲೇನು?” ಎಂದಳು ಅವ್ವ, ಈ ಕಡೆ ತಿರುಗದೆ. “ಪಾತಿಮಾಗ ಕೊಟ್ಟೆ. ಅವರ ಎಮ್ಮಿ ಈದೈತಿ, ಪಾಪ. ಬೀಗರು ಕಳಿಸಿದ ಹಿಂಡಿ ನಮಗ್ಯಾಕ, ನಮ್ಮ ಮನಿಯಾಗ ಎಮ್ಮಿ ಎಲ್ಲೈತಿ?”

ಗಿರಣಿಯಲ್ಲಿ ಬೇರೆ ಚೀಲ ಸಿಗದೆ ಪಂಪಾಪತಿಯ ಆಳು ದನದ ಹಿಂಡಿಯ ಹಳೆಯ ಚೀಲದಲ್ಲಿ ಗುಳಿಗೆ ತುಂಬಿ ಕಳಿಸಿದ್ದ. ಚೀಲದ ಮೇಲೆ ದೊಡ್ಡದೊಂದು ಎಮ್ಮೆಯ ಚಿತ್ರ. ಒಳಗಿದ್ದದ್ದೂ ನೋಡಲು ಹಿಂಡಿಯ ಹಾಗೇ. ನಾವಿಬ್ಬರೂ ಓಡಿಹೋಗಿ ಗೋಡೆಯ ಮೇಲಿಂದ ಇಣುಕಿದೆವು. ಫಾತಿಮಾ ಬೀ ಇಡೀ ಚೀಲವನ್ನು ಕಲ್ಲಿನ ಬಾನಿಯಲ್ಲಿ ನೆನೆಹಾಕಿದ್ದಳು. ಗುಳಿಗೆಗಳೆಲ್ಲ ಉಬ್ಬಿ, ಬಿಚ್ಚಿ, ಮತ್ತೆ ಹೊಟ್ಟಾಗಿ ಗಂಜಿಯಂತೆ ನಿಂತಿದ್ದವು. ಎಮ್ಮೆ ಒಮ್ಮೆ ಬಾನಿಯನ್ನೂ ಒಮ್ಮೆ ನನ್ನನ್ನೂ ನೋಡಿ ಮುಖ ತಿರುಗಿಸಿತು. ನನ್ನ ವಿದ್ಯಾರ್ಥಿಗಳು ಕೂಡ ಅಷ್ಟು ಸ್ಪಷ್ಟವಾಗಿ ಅಭಿಪ್ರಾಯ ಹೇಳಿದ್ದಿಲ್ಲ.

“ಅತ್ತಿ, ಅದು ನನ್ನ ಗುಳಿಗಿ!” ಎಂದ ಪಂಪಾಪತಿ.

“ಚೀಲದ ಮ್ಯಾಲ ಎಮ್ಮಿ ಇದ್ದರ ನಾ ಏನಂತ ತಿಳಿಬೇಕು? ಹದಿನೈದು ದಿನದಾಗ ನಾ ನಿನ್ನ ಒಲಿ ಏನು ತಿಂತತಿ ಅಂತ ನೋಡೇ ಇಲ್ಲಲೋ” ಎಂದಳು ಅವ್ವ. ಇದು ನಿಜವಾದ ತಪ್ಪೋ ಬೇಕೆಂದೇ ಮಾಡಿದ್ದೋ ಎಂದು ನಾನು ಈವರೆಗೆ ಕೇಳಿಲ್ಲ. ಉತ್ತರ ಗೊತ್ತಾದರೆ ಯಾರ ಪಕ್ಷ ವಹಿಸಬೇಕೆಂಬ ಪ್ರಶ್ನೆ ಮತ್ತೆ ಏಳುತ್ತದೆ.

ಅಷ್ಟರಲ್ಲಿ ಹೊರಗೆ ಕಾರಿನ ಬಾಗಿಲ ಸದ್ದು. ಪಂಪಾಪತಿ ಬಚ್ಚಲ ಕಟ್ಟೆಯ ಮೇಲೆ ಕುಸಿದು ಕೂತ. ಅವನ ಮುಖ ನೋಡಿದ ಅವ್ವ ಮೊದಲ ಬಾರಿಗೆ ಈ ಕಡೆ ತಿರುಗಿದಳು. “ಮಾರಿ ಯಾಕ ಹಂಗ ಮಾಡ್ತಿಯಲೇ? ಅವರನ್ನ ಕೂಡ್ಸು. ಶಾರದಾ, ಚಾ ಇಡು, ತಡಾ ಮಾಡಿ ಇಡು. ಅಷ್ಟರಾಗ ನಾ ಕಾಸ್ತೀನಿ” ಎಂದವಳೇ ಒಣಗಿದ ಹತ್ತಿಗಿಡದ ಕಡ್ಡಿ ಮುರಿದು ಒಲೆಗೆ ತುರುಕಿದಳು. ಮುಂದಿನ ಅರ್ಧ ಗಂಟೆಯಲ್ಲಿ ನಾನು ಮಾಡಿದ ಕೆಲಸವನ್ನು ದಯವಿಟ್ಟು ನನ್ನ ವಿದ್ಯಾರ್ಥಿಗಳಿಗೆ ಹೇಳಬೇಡಿ. ಹಂಡೆಯಿಂದ ಕುದಿನೀರು ತೋಡಿ ತೋಡಿ ಗುಳಿಗೆ ಒಲೆಯ ಡ್ರಮ್ಮಿಗೆ ಸುರಿದೆ. ನಲ್ಲಿ ತಿರುವಿದರೆ ಅಲ್ಲಿಂದಲೇ ಬಿಸಿನೀರು ಬರಬೇಕಲ್ಲ! ಒಲೆಯ ಫ್ಯಾನನ್ನೂ ಹಚ್ಚಿಟ್ಟೆ. ಅದು ಖಾಲಿ ಹೊಟ್ಟೆಯಲ್ಲಿ ಗುಂಯ್ ಎನ್ನುತ್ತಿತ್ತು. ಬಂದವರಿಗೆ ಉರಿ ಕಾಣದಂತೆ ಅವ್ವ ತನ್ನ ಒಲೆಯ ಬಾಯಿಗೆ ಅಡ್ಡವಾಗಿ ಮಣೆ ಎಳೆದುಕೊಂಡು ಕೂತಳು.

ವೆಂಕಟೇಶುಲು ದೊಡ್ಡ ಮೈಯ, ಸಣ್ಣ ದನಿಯ ಮನುಷ್ಯ. ಹೆಗಲ ಮೇಲೆ ತಮ್ಮದೇ ಟವೆಲು ಹಾಕಿಕೊಂಡು ಅಂಗಳಕ್ಕೆ ಬಂದವರು ಮೂಗು ಅರಳಿಸಿದರು. “ಏನ್ರಿ ಮೇಷ್ಟ್ರೆ, ಹೊಗಿ ಇರಂಗಿಲ್ಲ ಅಂದಿದ್ರು?”

“ಪಕ್ಕದ ಮನಿಯಾಗ ಲೋಬಾನ ಹಾಕ್ಯಾರ್ರಿ” ಎಂದೆ. ಇಷ್ಟು ಚಂದದ ಸುಳ್ಳು ನನ್ನ ಬಾಯಿಂದ ಬರಬಹುದೆಂದು ನನಗೇ ಗೊತ್ತಿರಲಿಲ್ಲ. ಅವರು ಒಳಗೆ ಹೋದರು. ತಂಬಿಗೆಯ ಸದ್ದು ಬಂತು. ಆಮೇಲೆ ಅವ್ವನ ದನಿ: “ಯಪ್ಪಾ, ನೀ ಯಾವ ಊರಾವ?” ಒಳಗಿನಿಂದ ಉತ್ತರ ಬಂತು. ಇನ್ನೊಂದು ಪ್ರಶ್ನೆ, ಇನ್ನೊಂದು ಉತ್ತರ. ಹತ್ತು ನಿಮಿಷದಲ್ಲಿ ಅವರ ಮಗಳಿಗೆ ವರ ಹುಡುಕುತ್ತಿರುವುದು, ಮೊಣಕಾಲು ನೋವು, ತಮ್ಮನ ಜೊತೆ ಎರಡು ವರ್ಷದಿಂದ ಮಾತಿಲ್ಲದಿರುವುದು ಎಲ್ಲ ಹೊರಬಿತ್ತು. ಅವ್ವನ ಬೆನ್ನು ನೆಟ್ಟಗಾಗಿತ್ತು. ಮಧ್ಯೆ ಮಧ್ಯೆ ಕಟ್ಟಿಗೆ ಸರಿಸುತ್ತ, “ಹ್ಞೂಂ, ಆಮ್ಯಾಲ?” ಎನ್ನುತ್ತಿದ್ದಳು. ಹೊರಗೆ ಬಂದಾಗ ವೆಂಕಟೇಶುಲು ಆವಿಯಾಡುವ ಇಡ್ಲಿಯ ಹಾಗಿದ್ದರು. “ನೀಳ್ಳು ಬಾಗುನ್ನಾಯಿ ಅಮ್ಮಾ!” ಎಂದು ತೆಲುಗಿನಲ್ಲೇ ನೀರನ್ನು ಹೊಗಳಿದರು. ಪಂಪಾಪತಿಗೆ ಜೀವ ಬಂತು.

ಅದೇ ಹೊತ್ತಿಗೆ ಗೋಡೆಯ ಆಚೆಯಿಂದ ಫಾತಿಮಾ ಬೀ ಮಣ್ಣಿನ ತಟ್ಟೆ ಎತ್ತಿ ತೋರಿಸಿದಳು. “ಹಂಪಕ್ಕಾ, ಒಲಿ ಹಚ್ಚೀಯೇನು? ಸುಳ್ಳಲ್ಲ ಹದಿನೈದು ದಿನ ಆತು ಮನಿಯಾಗ ಲೋಬಾನ ಹಾಕಿ. ನಾಕು ಕೆಂಡ ಕೊಡು!”

ವೆಂಕಟೇಶುಲು ನನ್ನನ್ನು ನೋಡಿದರು. ನಾನು ಕೈಯಲ್ಲಿದ್ದ ಬಕೆಟ್ಟು ನೋಡಿದೆ. ಶಾರದಾ ಸೆರಗು ಬಾಯಿಗೆ ಒತ್ತಿಕೊಂಡಳು. ಈ ಸಲ ಹೊಗೆಗಲ್ಲ.

“ಇರಲಿ ಬಿಡು ಯಪ್ಪಾ, ನಾನಾ ಹೇಳ್ತೀನಿ” ಎಂದಳು ಅವ್ವ. “ಈ ನೀರು ಕಟಗಿದು. ಹುಡುಗನ ಗುಳಿಗಿ ನಾ ಎಮ್ಮಿಗಿ ಕೊಟ್ಟೆ. ನಮ್ಮ ಮಾಸ್ತರ ನೀರು ಹೊತ್ತು ಹಾಕಿದ.”

ವೆಂಕಟೇಶುಲು ಹೊಟ್ಟೆ ಕುಣಿಸಿ ನಕ್ಕರು. “ಒಳಗ ಹೋದಾಗ್ಲೇ ತಿಳೀತಮ್ಮಾ. ನೀರಿಗೆ ಹೊಗಿ ವಾಸನಿ ಇತ್ತು. ನಮ್ಮಮ್ಮನ ಬಚ್ಚಲು ನೆನಪಾಗಿ ಸುಮ್ಮನಿದ್ದೆ. ಹಂಗಾದರ ಈ ಒಲಿ ಉಪಯೋಗ ಇಲ್ಲ ಅನ್ನು.”

ಪಂಪಾಪತಿ ತಲೆ ತಗ್ಗಿಸಿದ. ಅವ್ವ ಅವನನ್ನೂ ಆ ಒಲೆಯನ್ನೂ ಒಮ್ಮೆ ನೋಡಿದಳು. “ಯಾರಂದರು? ಒಲಿ ಚಲೋ ಐತಿ. ಹೊಗಿ ಇಲ್ಲ, ನಮ್ಮ ಸೊಸಿ ಕಣ್ಣು ಎಷ್ಟು ತಿಳಿಯಾಗ್ಯಾವು ನೋಡು. ಆದರ ಅದರ ಮುಂದ ಯಾರೂ ಕುಂದ್ರೂದು ಬ್ಯಾಡ. ನಿನ್ನ ಲಾಡ್ಜಿನಾಗ ಬಂದೋರನ್ನ ‘ಏನಪಾ, ನಿನ್ನೆ ಏನಾತು’ ಅಂತ ಕೇಳೋರು ಯಾರದಾರ? ಅಲ್ಲಿಗೆ ಇದಾ ಸರಿ ಒಲಿ. ಒಂದು ಮಾತು, ಕರೆಂಟು ಹೋದರ ಆರತತಿ. ಜನರೇಟರಿಗೆ ಜೋಡಿಸ್ಕೋ.”

ಇಡೀ ಸಿರುಗುಪ್ಪದಲ್ಲಿ ಪಂಪಾಪತಿ ಅಷ್ಟು ದಿನ ಹೇಳಿದ್ದನ್ನೆಲ್ಲ ಕೂಡಿಸಿದರೂ ಈ ನಾಲ್ಕು ಮಾತಿನ ತೂಕ ಬರಲಿಲ್ಲ. ವೆಂಕಟೇಶುಲು ಕೂತಲ್ಲೇ ಒಪ್ಪಿದರು. ನಮ್ಮ ಅಂಗಳದಲ್ಲಿದ್ದ ಒಲೆಯೇ ಅಂದು ಮಧ್ಯಾಹ್ನ ಲಾಡ್ಜಿಗೆ ಹೋಯಿತು. ಹೋಗುವ ಮೊದಲು ಅವ್ವ ಪಂಪಾಪತಿಯನ್ನು ನಿಲ್ಲಿಸಿ, “ಲೇ, ನನ್ನ ಒಲಿಗೆ ಒಂದು ತಗಡಿನ ಕೊಳವಿ ಹಾಕಿ ಹೊಗಿ ಮಾಳಿಗಿ ಮ್ಯಾಲ ಕಳಸು. ನಿಮ್ಮಕ್ಕ ಹಾಡೂದು ನನಗೂ ಕೇಳಬೇಕು” ಎಂದಳು. ಮರುದಿನವೇ ಕೊಳವೆ ಬಂತು. ಎಲ್ಲ ಮುಗಿದ ಮೇಲೆ ನಾನು ಗಂಟಲು ಸರಿಪಡಿಸಿಕೊಂಡು, “ಹಾಗಾದರೆ ನನ್ನ ನಿರ್ಧಾರ ಏನೆಂದರೆ…” ಎಂದು ಶುರುಮಾಡಿದೆ. ಅಂಗಳದಲ್ಲಿ ಯಾರೂ ಇರಲಿಲ್ಲ. ಗೋಡೆಯಾಚೆ ಎಮ್ಮೆ ಇತ್ತು, ಅದೂ ಕೇಳಿಸಿಕೊಳ್ಳಲಿಲ್ಲ.

ಶಿವರಾತ್ರಿ ಕಳೆಯಿತು. ಬಿಸಿಲು ಏರಿತು. ಮಾಳಿಗೆಯ ಮೇಲಿನ ಟ್ಯಾಂಕಿನ ನೀರು ನಸುಕಿನಲ್ಲೂ ಸುಡುತ್ತ ಬರತೊಡಗಿತು. ಒಲೆ ಹಚ್ಚುವ ಅಗತ್ಯವೇ ಉಳಿಯಲಿಲ್ಲ. ಕಟ್ಟಿಗೆಯೂ ಬೇಡ, ಗುಳಿಗೆಯೂ ಬೇಡ. ಆದರೂ ಅವ್ವ ದಿನಾ ಬೆಳಿಗ್ಗೆ ಮಣೆ ಎಳೆದುಕೊಂಡು ಆರಿದ ಒಲೆಯ ಮುಂದೆ ಕೂರುತ್ತಿದ್ದಳು. ಒಂದು ಭಾನುವಾರ ನಾನು ಎಣ್ಣೆ ಹಚ್ಚಿಕೊಂಡು ಹೋದರೆ ಪಕ್ಕದ ಕಲ್ಲಿನ ಮೇಲೆ ಶಾರದಾ ಚಹಾದ ಲೋಟ ಹಿಡಿದು ಆಗಲೇ ಕೂತಿದ್ದಳು. ಫಾತಿಮಾ ಬೀ ಬರಿಗೈಯಲ್ಲೇ ಬಂದಿದ್ದಳು. “ಸರದಿ ಐತಿ, ನಿಂದ್ರು” ಎಂದಳು ಅವ್ವ. ನಿಂತೆ. ನನ್ನ ಸರದಿ ಬಂದಾಗ ನಾನು ಎರಡು ದಿನದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಸುದ್ದಿ ಹೇಳಿದೆ. ಇನ್ನೂ ನಾಲ್ಕು ಲಾಡ್ಜಿನವರು ಒಲೆ ಕೇಳಿದ್ದರಿಂದ, ಗುಳಿಗೆ ಸಾಗಿಸಲೆಂದು ಪಂಪಾಪತಿ ಲಾರಿ ಕೊಂಡಿದ್ದ.

“ಅದು ಮೊನ್ನಿದು” ಎಂದಳು ಅವ್ವ. “ಬ್ಯಾರೆ ಏನರ ಐತೇನು?”

ಬೇರೇನೂ ಇರಲಿಲ್ಲ. ಎಣ್ಣೆ ಕಣ್ಣಿಗೆ ಇಳಿಯುತ್ತಿತ್ತು. ಸ್ನಾನಕ್ಕೆ ಹೋದೆ.